ಗಣಕಯಂತ್ರಕ್ಕೆ ಹೆಚ್ಚಿನ ಓಟ



ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯಾಧ್ಯಾಪಿಕೆಯಾದವಳು ಆರೋಗ್ಯ, ಕಸೂತಿ, ಗೃಹಕೃತ್ಯ ಇಂಥ ವಿಷಯಗಳನ್ನು ಕುರಿತು ಬರೆಯುವದು ರೂಢಿ. ಆದರೆ ಈಚೆಗೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಿಂದ ಬರುವ ಪಾಲಕರು ನಮ್ಮನ್ನು ಕೇಳುವ ಪ್ರಶ್ನೆಯೇ ಬೇರೆ. "ಅಕ್ಕೋರೇ, ಸಾಲ ಮಾಡಿ ತಂದ ಕಂಪ್ಯೂಟರನ್ನು ಹುಡುಗರು ಇನ್ನೂ ಜೋರಾಗಿ ಓಡಿಸುತ್ತೇವೆನ್ನುತ್ತಾರೆ, ಓಡಿಸಗೊಡಬಹುದೋ?" ಈ ಕೆಲಸಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ನಾವು ಯಂತ್ರಶಾಸ್ತ್ರ ಕಲಿತವರಲ್ಲ. ಆದರೂ ಕೇಳಿದ ಪ್ರಶ್ನೆಗೆ ಉತ್ತರವನ್ನು ಹುಡುಕುವದು ಶಿಕ್ಷಕಿಯ ಧರ್ಮವಾದ ಕಾರಣ, ತಿಳಿದಷ್ಟನ್ನು ಇಲ್ಲಿ ಬರೆಯುತ್ತೇವೆ.

ಮುಧೋಳದ ಕಡೆಯ ಪಾಲಕರೊಬ್ಬರು ಇದನ್ನು ಗಾಣಕ್ಕೆ ಎರಡು ಕೋಲು ಕಬ್ಬು ಹೆಚ್ಚಿಗೆ ತುರುಕಿದಂತೆ ಎಂದರು. ಹೋಲಿಕೆ ಚೆಲುವಾಗಿದೆ, ಆದರೆ ಸರಿಯಾಗಿಲ್ಲ. ಇಲ್ಲಿ ಕಬ್ಬು ಹೆಚ್ಚುವದಿಲ್ಲ; ಗಾಣವೇ ಬೇಗ ತಿರುಗುತ್ತದೆ. ಪ್ರೊಸೆಸರು ಒಂದು ತಾಳಕ್ಕೆ ತಕ್ಕಂತೆ ಕೆಲಸ ಮಾಡುತ್ತದೆ. ಮೂಲ ತಾಳವು ಸಾಮಾನ್ಯವಾಗಿ ಸೆಕೆಂಡಿಗೆ ಹತ್ತು ಕೋಟಿ. ಅದನ್ನು ೫೦ರಿಂದ ಗುಣಿಸಿದರೆ ಐನೂರು ಕೋಟಿ, ಅಂದರೆ ೫ ಗಿಗಾಹರ್ಟ್ಸ್. ಈ ಗುಣಕವನ್ನು ಒಂದೆರಡು ಅಂಕೆ ಮೇಲಕ್ಕೇರಿಸುವದೇ ಓವರ್‌ಕ್ಲಾಕಿಂಗ್. ಇಂಟೆಲ್ ಕಂಪನಿಯು ಹೆಸರಿನ ಕೊನೆಗೆ 'ಕೆ' ಅಕ್ಷರವಿರುವ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಈ ಗುಣಕಕ್ಕೆ ಬೀಗ ಹಾಕಿರುವದಿಲ್ಲ.

ಹಿಂದೆ ಇದರಲ್ಲಿ ದೊಡ್ಡ ಲಾಭವಿತ್ತು. ೧೯೯೮ರಲ್ಲಿ ಬಂದ ಸೆಲೆರಾನ್ ೩೦೦ಎ ಎಂಬ ಅಗ್ಗದ ಪ್ರೊಸೆಸರನ್ನು ೩೦೦ ಮೆಗಾಹರ್ಟ್ಸ್‌ದಿಂದ ೪೫೦ಕ್ಕೆ ಏರಿಸಿದವರು ಲೋಕದಲ್ಲೆಲ್ಲ ಇದ್ದರು, ಒಂದಕ್ಕೆ ಒಂದೂವರೆ! ಈಗ ತಯಾರಕರೇ ಕಡೆಯ ಹನಿಯವರೆಗೆ ಹಿಂಡಿ ಮಾರುತ್ತಾರೆ. ೫.೨ನ್ನು ೫.೫ಕ್ಕೆ ಏರಿಸಿದರೆ ಒಂದು ತಾಸಿನ ಕೆಲಸದಲ್ಲಿ ಮೂರು ನಿಮಿಷದಷ್ಟು ಉಳಿದೀತು. ಅದಕ್ಕೆ ತೆರಬೇಕಾದ ಬೆಲೆ ಮಾತ್ರ ಅಷ್ಟು ಸಣ್ಣದಲ್ಲ. ಬೇಗ ಓಡಿಸಬೇಕಾದರೆ ವೋಲ್ಟೇಜು ಹೆಚ್ಚಬೇಕು. ವಿದ್ಯುತ್ತಿನ ಖರ್ಚಾದರೋ ವೇಗದೊಡನೆ ಒಮ್ಮೆ, ವೋಲ್ಟೇಜಿನ ವರ್ಗದೊಡನೆ ಮತ್ತೊಮ್ಮೆ ಬೆಳೆಯುತ್ತದೆ. ಎರಡನ್ನೂ ನೂರಕ್ಕೆ ಹತ್ತರಂತೆ ಏರಿಸಿದರೆ ಖರ್ಚು ನೂರಕ್ಕೆ ಮೂವತ್ತಮೂರು ಏರುವದು. ಒಂಬತ್ತನೆಯ ಇಯತ್ತೆಯ ಹುಡುಗಿಯರು ಫಲಕದ ಮೇಲೆ ಇದನ್ನು ನಮಗಿಂತ ಬೇಗ ಮಾಡಿ ತೋರಿಸಿದರು. ಆ ಖರ್ಚೆಲ್ಲ ಕಾವಾಗಿ ಹೊರಬೀಳಬೇಕು. ದಾಖಲೆಗಾಗಿ ೯ ಗಿಗಾಹರ್ಟ್ಸ್ ದಾಟಿಸಿದವರು ಸೊನ್ನೆಗಿಂತ ೨೬೯ ಡಿಗ್ರಿ ಕೆಳಗೆ ಕುದಿಯುವ ದ್ರವ ಹೀಲಿಯಮ್ಮನ್ನು ಸುರಿದುಕೊಂಡು ಕೂತವರು. ನಮ್ಮ ಕಡೆಗೆ ಏಪ್ರಿಲ್-ಮೇ ತಿಂಗಳಲ್ಲಿ ಹೊರಗಿನ ಗಾಳಿಯೇ ೪೦ ಡಿಗ್ರಿ. ಪಂಖವು ಎಷ್ಟು ದೊಡ್ಡದಿದ್ದರೂ ಆ ಗಾಳಿಯನ್ನೇ ಬೀಸಬೇಕಷ್ಟೆ. ಎಷ್ಟೋ ಪ್ರೊಸೆಸರುಗಳು ನೂರು ಡಿಗ್ರಿ ಮುಟ್ಟಿದೊಡನೆ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಆಗ ಏರಿಸಿದ್ದೂ ಹೋಯಿತು, ಮೊದಲಿನದೂ ಹೋಯಿತು.

ಬನಹಟ್ಟಿಯ ನೇಕಾರ ಮನೆತನದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಸೀರೆಯ ದಡಿ-ಸೆರಗುಗಳ ನಕ್ಷೆ ಬರೆಯುತ್ತಾಳೆ. ನೇಯುವದಕ್ಕೆ ಮೊದಲೇ ಆ ಸೀರೆ ಉಟ್ಟರೆ ಹೇಗೆ ಕಂಡೀತೆಂಬ ಚಿತ್ರವನ್ನು ಕಂಪ್ಯೂಟರಿನಲ್ಲಿ ಮೂಡಿಸಿ ವ್ಯಾಪಾರಿಗಳಿಗೆ ಕಳಿಸುತ್ತಾಳೆ. ಅದಕ್ಕೆ ಬಲವಾದ ಯಂತ್ರ ಬೇಕು. ತಾಯಿಯ ಬಂಗಾರ ಒತ್ತೆಯಿಟ್ಟು ಅದನ್ನು ಕೊಂಡರು. ಆಕೆಯ ತಮ್ಮನು ಮೆಮರಿಯ ವೇಗವನ್ನು ಚೀಟಿಯ ಮೇಲೆ ಬರೆದುದಕ್ಕಿಂತಲೂ ಮುಂದೆ ಒಯ್ದನು. ಮೆಮರಿಯ ಸಂಗತಿ ಪ್ರೊಸೆಸರಿಗಿಂತ ಕಪಟವಾದುದು. ಪೆಟ್ಟಿಗೆಯ ಮೇಲೆ ೬೦೦೦ ಎಂದು ಅಚ್ಚು ಹಾಕಿದ ಡಿಡಿಆರ್೫ ಕೂಡ ತಾನಾಗಿ ೪೮೦೦ರಂಥ ಸಾಮಾನ್ಯ ವೇಗದಲ್ಲಿಯೇ ಏಳುವದುಂಟು. ಬಯೋಸಿನಲ್ಲಿ ಎಕ್ಸ್‌ಎಂಪಿ ಇಲ್ಲವೆ ಎಕ್ಸ್‌ಪೋ ಎಂಬ ಪಟ್ಟಿಯನ್ನು ಆರಿಸಿದ ಮೇಲೆಯೇ ಬರೆದ ವೇಗ ಬರುವದು. ಅದೂ ಒಂದು ಓವರ್‌ಕ್ಲಾಕಿಂಗೇ. ಪ್ರೊಸೆಸರು ಸೋತರೆ ಯಂತ್ರ ಹೆಚ್ಚಾಗಿ ಕೂಡಲೇ ನಿಲ್ಲುತ್ತದೆ. ಮೆಮರಿ ಸೋತರೆ ಎಷ್ಟೋ ಸಲ ಏನೂ ಆಗದಂತೆ ತೋರಿ, ಎಲ್ಲಿಯೋ ಒಂದು ಸೊನ್ನೆ ಒಂದಾಗಿರುತ್ತದೆ.

ಹಾಗೆಯೇ ಆಯಿತು. ನಕ್ಷೆಯ ದಡಿಯಲ್ಲಿ ಕೆಲವು ಚುಕ್ಕೆಗಳ ಬಣ್ಣ ಬದಲಾದುದು ಪರದೆಯ ಮೇಲೆ ಯಾರಿಗೂ ಕಾಣಲಿಲ್ಲ. ಮಗ್ಗದ ಮೇಲೆ ನಾಲ್ಕು ಬೆರಳು ನೇಯ್ದಾಗ ಆಕೆಯ ತಂದೆಯವರು ಕಂಡು ಮಗ್ಗ ನಿಲ್ಲಿಸಿದರು. ಅವರ ಕಣ್ಣು ತಪ್ಪಿದ್ದರೆ ಹಾಸಿನ ಸೀರೆಗಳೆಲ್ಲ ಕೆಡುತ್ತಿದ್ದವು, ಒತ್ತೆಯ ಬಂಗಾರವೂ ಬರುತ್ತಿರಲಿಲ್ಲ. (ಫ್ರಾನ್ಸಿನ ಜಕಾರ್ಡನು ೧೮೦೪ರ ಸುಮಾರಿಗೆ ಮಗ್ಗಕ್ಕೆ ಹೂಡಿದ ತೂತಿನ ರಟ್ಟುಗಳಿಂದಲೇ ಬ್ಯಾಬೇಜನು ತನ್ನ ಗಣಕಯಂತ್ರದ ಉಪಾಯವನ್ನು ಎತ್ತಿಕೊಂಡನು. ಕಂಪ್ಯೂಟರಿನ ತಪ್ಪನ್ನು ಮಗ್ಗವು ಹಿಡಿದುದರಲ್ಲಿ ನಮಗೆ ಸ್ವಲ್ಪ ಸಂತೋಷವೇ ಆಯಿತು.)

ಆ ಹಿರಿಯರು ಆಡಿದ ಮಾತು ನಮಗೆ ಯಾವ ಪುಸ್ತಕದಲ್ಲಿಯೂ ಸಿಕ್ಕಿರಲಿಲ್ಲ: "ಅಕ್ಕೋರೇ, ಲೂಮಿನ ಪುಲ್ಲಿ ಬದಲಿಸಿ ನಾವೂ ಓಟ ಹೆಚ್ಚಿಸಿ ನೋಡಿದ್ದೇವೆ. ಎಳೆ ಕಡಿದರೆ ಚಿಂತೆಯಿಲ್ಲ, ಕಟ್ಟಿದರಾಯಿತು. ಕಡಿಯದೆ ತಪ್ಪು ನೇಯ್ದರೇ ಕಷ್ಟ."

ತಯಾರಕರ ಮಾತನ್ನಾದರೂ ಕಣ್ಣುಮುಚ್ಚಿ ನಂಬತಕ್ಕದ್ದಲ್ಲ. ಇಂಟೆಲ್ಲಿನ ೧೩ ಮತ್ತು ೧೪ನೆಯ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು, ಯಾರೂ ಏನೂ ಏರಿಸದಿದ್ದರೂ, ಹೆಚ್ಚಿನ ವೋಲ್ಟೇಜಿನಿಂದ ಕೆಡುತ್ತಿರುವದು ೨೦೨೪ರಲ್ಲಿ ಬಯಲಿಗೆ ಬಂತು. ಕಂಪನಿಯು ಬಯೋಸಿನ ಮೂಲಕ ಹೊಸ ಮೈಕ್ರೋಕೋಡನ್ನು ಕೊಟ್ಟು, ವಾರಂಟಿಯನ್ನು ಎರಡು ವರ್ಷ ಮುಂದಕ್ಕೆ ಹಾಕಿತು. ಆದರೆ ಆಗಲೇ ಕೆಟ್ಟುಹೋದುದು ಆ ಕೋಡಿನಿಂದ ಸರಿಹೋಗುವಂತಿರಲಿಲ್ಲ. ಅಂಥ ಯಂತ್ರವುಳ್ಳವರು ಬಯೋಸನ್ನು ಹೊಸದು ಮಾಡಿಸಿಕೊಂಡಿರುವರೋ ಇಲ್ಲವೋ ನೋಡಿಕೊಳ್ಳಬೇಕು.

ಬನಹಟ್ಟಿಯ ಮನೆಯಲ್ಲಿ ಮಾಡಿದ್ದು ಇಷ್ಟು. ಮೆಮರಿಯನ್ನು ಚೀಟಿಯ ವೇಗಕ್ಕೆ ಇಳಿಸಿ, ಮೆಮ್‌ಟೆಸ್ಟ್೮೬ ಎಂಬ ಪರೀಕ್ಷೆಯನ್ನು ರಾತ್ರಿಯೆಲ್ಲ ಓಡಿಸಿದರು. ಒಂದು ತಪ್ಪೂ ಬರಲಿಲ್ಲ. ಪ್ರೊಸೆಸರಿನ ವೇಗವನ್ನು ಇದ್ದಂತೆಯೇ ಬಿಟ್ಟು, ವೋಲ್ಟೇಜನ್ನು ಮಾತ್ರ ಸ್ವಲ್ಪಸ್ವಲ್ಪವಾಗಿ ತಗ್ಗಿಸಿ, ಪ್ರತಿ ಸಲವೂ ತಾಸುಗಟ್ಟಲೆ ಪರೀಕ್ಷಿಸಿದರು. ಕಾವು ಇಳಿಯಿತು, ಪಂಖದ ಸಪ್ಪಳವೂ ಇಳಿಯಿತು, ಕೆಲಸದ ವೇಳೆ ಹೆಚ್ಚಲಿಲ್ಲ. ನಮ್ಮ ಬೇಸಿಗೆಗೆ ಈ ಎರಡನೆಯ ವಿದ್ಯೆಯೇ ಹೆಚ್ಚು ಯೋಗ್ಯವೆಂದು ನಮ್ಮ ಅಭಿಪ್ರಾಯ. ದೊಡ್ಡ ಚಿತ್ರಗಳನ್ನು ಆಕೆ ಈಗ ಬೆಳಗಿನ ನಾಲ್ಕು ಗಂಟೆಗೆ, ತಂಪಿನಲ್ಲಿ ಹಚ್ಚುತ್ತಾಳೆ.

ತಮ್ಮನಿಗೆ ಇನ್ನೂ ಸಮಾಧಾನವಿಲ್ಲ. ಡಿಸೆಂಬರದ ಚಳಿಯಲ್ಲಿ ಮತ್ತೊಮ್ಮೆ ಏರಿಸಿ ನೋಡುವೆನೆಂದು ನಮ್ಮೆದುರಿಗೇ ಹೇಳಿದನು. ಅಕ್ಕನ ಯಂತ್ರದ ಮೇಲಲ್ಲ, ತನ್ನ ಹಳೆಯದರ ಮೇಲೆ.