ಅಡಿಗಲ್ಲಿಗೂ ಬಾಗಿಲಿಗೂ ನಡುವೆ

ಚಾಮರಾಜಪೇಟೆಯಿಂದ ಆಲೂರು ವೆಂಕಟರಾವ್ ರಸ್ತೆಯಲ್ಲಿ ಪೂರ್ವಕ್ಕೆ ನಡೆದರೆ ಮೊದಲು ಕಾಣುವುದು ಮಿಂಟೋ ಕಣ್ಣಿನ ಆಸ್ಪತ್ರೆ. ಮುಂದೆ ಕೃಷ್ಣರಾಜೇಂದ್ರ ರಸ್ತೆಗೆ ತಿರುಗಿದರೆ ವಾಣಿವಿಲಾಸ. ಅದರ ನೆರೆಯಲ್ಲೇ ವಿಕ್ಟೋರಿಯ. 1791ರಲ್ಲಿ ಕಾರ್ನ್‌ವಾಲಿಸನ ಫಿರಂಗಿಗಳು ಗರ್ಜಿಸಿದ ಕೋಟೆಯ ಆಸುಪಾಸಿನಲ್ಲಿ ಇಂದು ರೋಗಿಗಳ ಸಾಲು, ಬುತ್ತಿ ಹಿಡಿದು ಕಾಯುವ ಬಂಧುಗಳ ಗುಂಪು.

ಇವುಗಳಲ್ಲಿ ವಿಕ್ಟೋರಿಯದ ಕಥೆ ಮನಮುಟ್ಟುವಂಥದು. ಮಹಾರಾಜ ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗಂಟಲಮಾರಿಗೆ ತುತ್ತಾದರು. ಆಗ ಅವರಿಗೆ ಕೇವಲ 31 ವರ್ಷ. ಎಳೆಯ ಮಗನ ಪರವಾಗಿ ರಾಜ್ಯಭಾರ ಹೊತ್ತ ಮಹಾರಾಣಿ ಕೆಂಪನಂಜಮ್ಮಣ್ಣಿಯವರು, ವಿಕ್ಟೋರಿಯ ರಾಣಿಯ ಆಳ್ವಿಕೆಗೆ 60 ವರ್ಷ ತುಂಬಿದ ನೆನಪಿಗೆ 1897ರ ಜೂನ್ 22ರಂದು ಆಸ್ಪತ್ರೆಗೆ ಅಡಿಗಲ್ಲಿಟ್ಟರು.

ಆದರೆ ಗೋಡೆಗಳು ಏಳುವಷ್ಟರಲ್ಲಿ ಮಾರಿ ಬಂದೇಬಿಟ್ಟಿತು. 1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಿತು. ಮುಂಬಯಿಯಲ್ಲಿ ಹಾಫ್‌ಕಿನ್ ಸಿದ್ಧಪಡಿಸಿದ್ದ ಹೊಸ ಲಸಿಕೆಯೊಂದನ್ನು ಬಿಟ್ಟರೆ ವೈದ್ಯರ ಕೈಯಲ್ಲಿ ಮದ್ದಿರಲಿಲ್ಲ. ರೋಗಿಯನ್ನು ಊರಾಚೆಯ ಶಿಬಿರಕ್ಕೆ ಒಯ್ಯುವುದು, ಮನೆಯನ್ನು ತೆರವು ಮಾಡಿಸುವುದು, ಇವೇ ಉಪಾಯಗಳು. ಶಿಬಿರಕ್ಕೆ ಹೋದವರು ಮರಳಲಾರರೆಂಬ ಭಯದಿಂದ ಮನೆಯವರು ಕಾಯಿಲೆಯನ್ನೇ ಮುಚ್ಚಿಡುತ್ತಿದ್ದರು. ಅಂಥ ಶಿಬಿರದಲ್ಲಿ ದುಡಿದವರೊಬ್ಬರು ಡಾಕ್ಟರ್ ಪದ್ಮನಾಭನ್ ಪಲ್ಪು. ಈಳವ ಜಾತಿಯವರೆಂಬ ಕಾರಣಕ್ಕೆ ಹುಟ್ಟೂರಾದ ತಿರುವಾಂಕೂರಿನಲ್ಲಿ ಕೆಲಸ ಸಿಗದೆ ಮೈಸೂರಿನ ಸೇವೆಗೆ ಸೇರಿದ್ದ ಈ ವೈದ್ಯರು, ಹತ್ತಿರದ ಬಂಧುಗಳೇ ಮುಟ್ಟಲು ಅಂಜುತ್ತಿದ್ದ ರೋಗಿಗಳ ನಡುವೆ ನಿಂತರು.

ಇಕ್ಕಟ್ಟಾದ ಪೇಟೆಯನ್ನು ತೊರೆದ ಜನ ಬಸವನಗುಡಿಗೂ ಮಲ್ಲೇಶ್ವರಕ್ಕೂ ನಡೆದರು. ಪ್ಲೇಗಿಗೆ ಮೊದಲೇ ಯೋಜಿತವಾಗಿದ್ದ ಈ ಬಡಾವಣೆಗಳು ತುಂಬಿದ್ದು ಆ ಭಯದಿಂದಲೇ. ಅಲ್ಲಿನ ಅಗಲವಾದ ಬೀದಿಗಳೂ, ಮನೆಗಳ ಹಿಂದಿನ ಓಣಿಗಳೂ ಗಾಳಿ ಬೆಳಕುಗಳನ್ನೇ ಮದ್ದೆಂದು ನಂಬಿದ ಕಾಲದ ಗುರುತುಗಳು. ಬಸವನಗುಡಿಗೆ ಸಮೀಪದ ತ್ಯಾಗರಾಜನಗರದಲ್ಲಿ ಪ್ಲೇಗ್ ಮಾರಿಯಮ್ಮನ ಗುಡಿ ಈಗಲೂ ಇದೆ.

1900ರ ಡಿಸೆಂಬರ್ 8ರಂದು ವೈಸರಾಯ್ ಕರ್ಜನ್ ವಿಕ್ಟೋರಿಯ ಆಸ್ಪತ್ರೆಯನ್ನು ಉದ್ಘಾಟಿಸಿದಾಗ, ಅದಕ್ಕಾಗಿ ಕಾದಿದ್ದ ಎಷ್ಟೋ ಜೀವಗಳು ಇರಲಿಲ್ಲ. ಚಿಕ್ಕಪೇಟೆಯಲ್ಲಿ 1896ರಲ್ಲಿ ಮೊದಲಾದ ಕಣ್ಣಿನ ಚಿಕಿತ್ಸಾಲಯ 1913ರಲ್ಲಿ ಮಿಂಟೋ ಹೆಸರಿನ ಈಗಿನ ಕಟ್ಟಡಕ್ಕೆ ಬಂದಿತು. 1935ರಲ್ಲಿ ಹೆಂಗಸರಿಗೂ ಮಕ್ಕಳಿಗೂ ಮೀಸಲಾದ ಆಸ್ಪತ್ರೆ ತೆರೆಯಿತು. ಅದಕ್ಕೆ ಇಟ್ಟದ್ದು ಅಂದು ಅಡಿಗಲ್ಲಿಟ್ಟ ಮಹಾರಾಣಿಯದೇ ಹೆಸರು: ವಾಣಿವಿಲಾಸ. ಶಿಬಿರದ ಹೆಸರಿಗೇ ಬೆಚ್ಚಿ ಬಾಗಿಲು ಹಾಕಿಕೊಂಡಿದ್ದ ಊರಿನ ಹೆಣ್ಣುಮಕ್ಕಳು, ಒಂದೆರಡು ತಲೆಮಾರು ಕಳೆಯುವಷ್ಟರಲ್ಲಿ, ಚೊಚ್ಚಲ ಹೆರಿಗೆಗೆಂದು ಆ ಬಾಗಿಲನ್ನು ತಾವಾಗಿಯೇ ದಾಟಿ ಒಳಹೋದರು.