ನೆಲದ ಕೆಳಗಿನ ಕಾಸು

ಚನ್ನಗಿರಿ ಸೀಮೆಯ ಸಂತೇಬೆನ್ನೂರಿನ ನೆಲದಲ್ಲಿ ಯಾವ ಯಾವ ಕಾಲದ ನಾಣ್ಯ ಬಿದ್ದಿರಬಹುದೆಂದು ಊಹಿಸುವುದು ಕಷ್ಟವಲ್ಲ. ಪಾಳೆಯಗಾರ ಕೆಂಗ ಹನುಮಂತಪ್ಪ ನಾಯಕ 16ನೇ ಶತಮಾನದಲ್ಲಿ ಇಲ್ಲಿ ಪುಷ್ಕರಣಿ ಕಟ್ಟಿಸಿದಾಗ ಈ ಸೀಮೆಯಲ್ಲಿ ನಡೆಯುತ್ತಿದ್ದುದು ವಿಜಯನಗರದ ವರಾಹ, ಹಣ, ಕಾಸು. ಆಮೇಲೆ ಬಿಜಾಪುರದ ರಣದುಲ್ಲಾ ಖಾನನ ದಂಡು ಬಂತು; ಹೊಂಡದ ಪಕ್ಕದಲ್ಲಿ ಮುಸಾಫಿರ್‌ಖಾನೆ ಎದ್ದಿತು. ಮುಂದೆ ಹೈದರನ ವರಾಹ, ಟಿಪ್ಪುವಿನ ಆನೆ ಮುದ್ರೆಯ ತಾಮ್ರದ ಕಾಸು ಬಂದವು. ಅತ್ತ ಚಿತ್ರದುರ್ಗದಲ್ಲೇ ಟಿಪ್ಪುವಿನ ಟಂಕಸಾಲೆಯೊಂದಿತ್ತು. ಅಲ್ಲಿ ಅಚ್ಚಾದ ನಾಣ್ಯಗಳ ಮೇಲೆ ದುರ್ಗದ ಹೆಸರು ‘ಫರ್ರುಖ್‌ಯಾಬ್ ಹಿಸಾರ್’.

ಇಂಥ ನೆಲದ ಮೇಲೆ ಮೆಟಲ್ ಡಿಟೆಕ್ಟರ್ ಹಿಡಿದು ನಡೆದರೆ ಏನಾಗುತ್ತದೆ?

ಕೋಲಿನ ತುದಿಯ ತಟ್ಟೆಯೊಳಗೆ ತಂತಿಯ ಸುರುಳಿಯಿದೆ. ಅದರಲ್ಲಿ ವಿದ್ಯುತ್ ಹರಿದಾಗ ಹುಟ್ಟುವ ಕಾಂತಕ್ಷೇತ್ರ ಮಣ್ಣಿಗಿಳಿದು, ಅಲ್ಲಿರುವ ಲೋಹವನ್ನು ಕೆಣಕುತ್ತದೆ. ಲೋಹ ಕೊಡುವ ಮರುಸ್ಪಂದನವೇ ಕಿವಿಗೆ ಕೇಳುವ ಸದ್ದು. ಕಾಸಿನಷ್ಟು ಚಿಕ್ಕ ವಸ್ತುವಾದರೆ ಯಂತ್ರ ಮುಟ್ಟುವ ಆಳ ಸುಮಾರು ಒಂದು ಗೇಣು. ಸೋಡಾ ಬಾಟಲಿಯ ಮುಚ್ಚಳಕ್ಕೂ ಮಾತ್ರೆಯ ಹಾಳೆಗೂ ಅದು ಕೂಗುತ್ತದೆ. ಕಬ್ಬಿಣದಂಶ ಹೆಚ್ಚಿರುವ ಕೆಮ್ಮಣ್ಣಿನಲ್ಲಂತೂ ಏನೂ ಇಲ್ಲದೆಯೂ ಕೂಗಬಹುದು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ಮೈಯೊಳಗೆ ಹೊಕ್ಕಿದ್ದ ಗುಂಡನ್ನು ಹುಡುಕಲು ಗ್ರಹಾಂ ಬೆಲ್ ಇಂಥದ್ದೇ ಸಾಧನ ತಂದಿದ್ದರು, ಗುಂಡು ಸಿಗಲಿಲ್ಲ. ಹಾಸಿಗೆಯೊಳಗಿನ ಉಕ್ಕಿನ ಸ್ಪ್ರಿಂಗುಗಳು ಅಡ್ಡಬಂದವೆಂದು ಹೇಳುತ್ತಾರೆ.

ಯಂತ್ರ ಹೇಳುವುದು ‘ಇಲ್ಲಿ ಲೋಹವಿದೆ’ ಎಂದಷ್ಟೇ. ಉಳಿದದ್ದನ್ನು ಮಣ್ಣಿನ ಪದರವೇ ಹೇಳಬೇಕು. ಚಿತ್ರದುರ್ಗದ ಬೆಟ್ಟದ ಬುಡದ ಚಂದ್ರವಳ್ಳಿಯನ್ನು ನೋಡಿ. ಪುರಾತತ್ವ ತಜ್ಞರಾದ ಎಂ.ಎಚ್. ಕೃಷ್ಣ ಅವರು 1929ರ ಸುಮಾರಿಗೂ ಮಾರ್ಟಿಮರ್ ವೀಲರ್ ಅವರು 1947ರಲ್ಲೂ ಅಲ್ಲಿ ಉತ್ಖನನ ಮಾಡಿದರು. ಶಾತವಾಹನರ ಕಾಲದ ನಾಣ್ಯಗಳ ಜೊತೆಗೆ ರೋಮಿನ ಬೆಳ್ಳಿ ನಾಣ್ಯಗಳೂ ಸಿಕ್ಕವು. ಅವುಗಳಲ್ಲಿ ಚಕ್ರವರ್ತಿ ಟಿಬೀರಿಯಸ್‌ನದೂ ಇತ್ತು; ಅವನು ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಹಾಗಾಗಿ ಅವನ ನಾಣ್ಯ ಬಿದ್ದಿದ್ದ ಪದರ ಅದಕ್ಕಿಂತ ಹಿಂದಿನದಾಗಿರಲಾರದು. ಅದೇ ಪದರದ ಮಡಕೆ ಚೂರುಗಳಿಗೂ ಕಾಲದ ಗುರುತು ಸಿಕ್ಕಿತು. ಅಂಥ ಮಡಕೆ ಬೇರೆ ಊರಲ್ಲಿ ಕಂಡಾಗ ಆ ಊರಿನ ವಯಸ್ಸನ್ನೂ ಅಂದಾಜು ಮಾಡಲು ಬಂತು. ಅದೇ ನಾಣ್ಯವನ್ನು ಯಾರೋ ರಾತ್ರಿ ಕಿತ್ತು ಜೇಬಿಗಿಳಿಸಿದ್ದರೆ ಉಳಿಯುತ್ತಿದ್ದುದು ಒಂದು ಬೆಳ್ಳಿ ಬಿಲ್ಲೆ ಮಾತ್ರ.

ಇಂಗ್ಲೆಂಡಿನ ಹಾಕ್ಸ್‌ನ್ ಎಂಬ ಹಳ್ಳಿಯಲ್ಲಿ 1992ರ ನವೆಂಬರಿನಲ್ಲಿ ಎರಿಕ್ ಲಾಸ್ ಎಂಬವರು ಗೆಳೆಯನ ಹೊಲದಲ್ಲಿ ಕಳೆದುಹೋದ ಸುತ್ತಿಗೆ ಹುಡುಕಲು ಡಿಟೆಕ್ಟರ್ ಹಿಡಿದು ಹೋದರು. ಸಿಕ್ಕಿದ್ದು ರೋಮನ್ ಕಾಲದ ಚಿನ್ನ, ಬೆಳ್ಳಿ. ಅವರು ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ ಸುದ್ದಿ ಮುಟ್ಟಿಸಿದರು. ಪುರಾತತ್ವ ತಜ್ಞರು ಬಂದು ಸುಮಾರು 15,000 ನಾಣ್ಯಗಳನ್ನು, ಅವನ್ನಿಟ್ಟಿದ್ದ ಪೆಟ್ಟಿಗೆಯ ಗುರುತುಗಳ ಸಮೇತ, ಎತ್ತಿದರು. ಸುತ್ತಿಗೆಯೂ ಸಿಕ್ಕಿತು, ಈಗ ಅದೂ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಲಾಸ್ ಅವರ ಹೆಸರು ಉಳಿದದ್ದು ಯಂತ್ರದಿಂದಲ್ಲ, ಸಮಯಕ್ಕೆ ಸರಿಯಾಗಿ ಗುದ್ದಲಿ ಕೆಳಗಿಟ್ಟದ್ದರಿಂದ.

ನಮ್ಮ ಕಡೆ ನಿಧಿಗಳ್ಳರು ಆ ಗುದ್ದಲಿಯನ್ನು ಕೆಳಗಿಡುವುದೇ ಇಲ್ಲ. ಹಾಳು ದೇಗುಲದ ಗರ್ಭಗುಡಿ ಬಗೆದು, ವೀರಗಲ್ಲು ಉರುಳಿಸಿ, ನಿಂಬೆಹಣ್ಣು ಕುಂಕುಮ ಚೆಲ್ಲಿ ಹೋಗುತ್ತಾರೆ. ಈಗ ಕೈಗೆ ಯಂತ್ರವೂ ಬಂದಿದೆ. ಸಂತೇಬೆನ್ನೂರಿನ ಹೊಂಡ ಮತ್ತು ಮುಸಾಫಿರ್‌ಖಾನೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿವೆ. 1958ರ ಕಾಯ್ದೆಯ ಪ್ರಕಾರ ಅಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ಸ್ವಂತ ಜಮೀನಿನಲ್ಲಿ ನಿಧಿ ಸಿಕ್ಕರೂ 1962ರ ರಾಜ್ಯ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.

ಚನ್ನಗಿರಿ ಸೀಮೆಯಲ್ಲಿ ಅಡಿಕೆ ಸಸಿಗೆ ಗುಂಡಿ ತೆಗೆಯುವಾಗಲೋ ಮನೆಯ ಪಾಯ ತೋಡುವಾಗಲೋ ಹಳೆಯ ಕಾಸು ಕಂಡರೆ ಕೆಲಸ ನಿಲ್ಲಿಸಿ. ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ಕಿಲುಬಿನ ಜೊತೆಗೆ ಅಕ್ಷರವೂ ಹೋದೀತು. ಸಿಕ್ಕ ಜಾಗದ ಫೋಟೊ ತೆಗೆದು, ಎಷ್ಟು ಆಳದಲ್ಲಿತ್ತು, ಜೊತೆಗೆ ಏನಿತ್ತು ಎಂದು ಬರೆದಿಟ್ಟು, ತಹಶೀಲ್ದಾರ್ ಕಚೇರಿಗೆ ತಿಳಿಸಿ.