ಗೇಟಿನ ಹೊರಗೆ ನಿಂತವರು



ಪ್ರತಿ ವರ್ಷ ಮೇ 1ರಂದು ನಾವು ಶ್ರಮಿಕರಾದ ಸಂತ ಜೋಸೆಫರ ಹಬ್ಬ ಮಾಡುತ್ತೇವೆ. 1955ರಲ್ಲಿ ಪೋಪ್ 12ನೇ ಪಿಯುಸ್ ಈ ಹಬ್ಬವನ್ನು ಶುರುಮಾಡಿದರು. ನಮ್ಮ ತಿಕೋಂಡಿಯಲ್ಲಿ ಆ ದಿನ ಯುವಕರ ಗುಂಪಿನಿಂದ ಯಾರಾದರೂ ಒಬ್ಬರು ಕೆಲಸದ ಬಗ್ಗೆ ನಾಲ್ಕು ಮಾತು ಹೇಳುವ ಪದ್ಧತಿ ಇದೆ. ಈ ವರ್ಷ ನನ್ನ ಪಾಳಿ ಬಂದಿತ್ತು. ಎದ್ದು ನಿಂತೆ, ಆದರೆ ಹೇಳಬೇಕಾದದ್ದನ್ನು ಹೇಳಲು ಬಾಯಿ ಬರಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ, ಕ್ರಿಸ್ಮಸ್ ಮುಗಿದ ಮೇಲೆ, ಊರಿಗೆ ಒಬ್ಬ ಏಜೆಂಟ್ ಬಂದ. ಕಬ್ಬು ಕಡಿಯುವ ಗ್ಯಾಂಗಿಗೆ ಉಚಲ ಕೊಡುವ ಮುಕಾದಮರು ನಮಗೆ ಹೊಸಬರಲ್ಲ. ಆದರೆ ಇವನು ಕೇಳಿದ್ದು ಕಬ್ಬಿನ ಕೆಲಸಕ್ಕಲ್ಲ. ದೂರದ ರಾಜ್ಯದ ಒಂದು ಎಣ್ಣೆ ರಿಫೈನರಿಯಲ್ಲಿ ನಲವತ್ತು ದಿನದ ಶಟ್‌ಡೌನ್ ಕೆಲಸ, ಜೊತೆಗೆ ಪಕ್ಕದಲ್ಲೇ ಹೊಸ ಘಟಕ ಕಟ್ಟುವ ಕೆಲಸವೂ ಇದೆ, ಹುಡುಗರು ಬೇಕು ಎಂದ. ಶಟ್‌ಡೌನ್ ಅಂದರೆ ಕೆಲವು ವರ್ಷಕ್ಕೊಮ್ಮೆ ಘಟಕವನ್ನು ಪೂರ್ತಿ ನಿಲ್ಲಿಸಿ, ಬಿಚ್ಚಿ, ತೊಳೆದು, ರಿಪೇರಿ ಮಾಡಿ ಮತ್ತೆ ಶುರುಮಾಡುವುದು.

ನಾನು ಬಿಎಸ್ಸಿ ಓದಿದವನು, ಕೆಮಿಸ್ಟ್ರಿ. ಕಚ್ಚಾ ಎಣ್ಣೆಯನ್ನು ಕಾಯಿಸಿ ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ ಎಂದು ಬೇರೆ ಮಾಡುವ ಗೋಪುರದ ಚಿತ್ರವನ್ನು ಪರೀಕ್ಷೆಯಲ್ಲಿ ಬರೆದು ಹತ್ತಕ್ಕೆ ಒಂಬತ್ತು ಅಂಕ ತಗೊಂಡಿದ್ದೆ. ಆ ಗೋಪುರವನ್ನು ಕಣ್ಣಾರೆ ನೋಡುವ ಆಸೆ ನನಗೆ. ಭಾನುವಾರ ಪೂಜೆ ಮುಗಿದ ಮೇಲೆ ಹುಡುಗರನ್ನು ಕೂಡಿಸಿ ಹೇಳಿದೆ: "ಕಬ್ಬು ಕಡಿಯೋಕಿಂತ ಇದು ಭಾಳ ಛಲೋ. ಕೆಲಸಾನೂ ಕಲಿತೀವಿ." ನನ್ನ ಮಾತು ನಂಬಿ ಹದಿಮೂರು ಜನ ಹೊರಟರು. ನಾನು ಹದಿನಾಲ್ಕನೆಯವ.

ಅಲ್ಲಿ ಹೋದ ಮೇಲೆ ಮೊದಲ ಐದು ದಿನ ಗೇಟಿನ ಹೊರಗೇ ಕಳೆದೆವು. ಆಧಾರ್, ಪೊಲೀಸ್ ದಾಖಲೆ, ವೈದ್ಯಕೀಯ ತಪಾಸಣೆ, ಸುರಕ್ಷತಾ ತರಬೇತಿ, ಇಷ್ಟೂ ಆಗದೆ ಗೇಟ್‌ಪಾಸ್ ಇಲ್ಲ. ಆ ಐದು ದಿನಕ್ಕೆ ಪಗಾರವೂ ಇಲ್ಲ. ತರಬೇತಿ ಹಿಂದಿಯಲ್ಲಿ, ಬೋರ್ಡುಗಳು ಇಂಗ್ಲಿಷಿನಲ್ಲಿ. ನಮ್ಮ ಹುಡುಗರಿಗೆ ಬರುವುದು ಕನ್ನಡ ಮತ್ತು ಮರಾಠಿ. ವಿಷದ ಗಾಳಿ ಸೋರಿದರೆ ಯಾವ ದಿಕ್ಕಿಗೆ ಓಡಬೇಕು ಎಂದು ಹೇಳುವಾಗ ಎಲ್ಲರೂ ತಲೆ ಆಡಿಸಿದರು. ಅರ್ಥವಾಗಿತ್ತೇ ಎಂದು ರಾತ್ರಿ ಕೇಳಿದೆ. ಇಬ್ಬರಿಗೆ ಮಾತ್ರ ಆಗಿತ್ತು. ಊಟದ ತಾಟಿನ ಮುಂದೆ ಕೂತು ಎಲ್ಲವನ್ನೂ ಕನ್ನಡದಲ್ಲಿ ಮತ್ತೊಮ್ಮೆ ಹೇಳಿದೆ: ಗಾಳಿಪಟ್ಟಿ ಯಾವ ಕಡೆ ಹಾರುತ್ತಿದೆ ನೋಡಿ, ಗಾಳಿಗೆ ಅಡ್ಡಲಾಗಿ ಓಡಿ ಎಂದು.

ನಮ್ಮಲ್ಲಿ ಇಬ್ಬರು ವೆಲ್ಡಿಂಗ್ ಬಲ್ಲವರು. ಊರ ಕಡೆ ಟ್ರಾಲಿ, ಗೇಟು, ಕಿಟಕಿ ಮಾಡಿ ಹೆಸರು ಗಳಿಸಿದವರು. ಅವರಿಗೆ ಅಲ್ಲಿ ಪರೀಕ್ಷೆ ಇಟ್ಟರು. ಪೈಪನ್ನು ನಲವತ್ತೈದು ಡಿಗ್ರಿ ಓರೆಯಾಗಿ ಬಿಗಿದು ನಿಲ್ಲಿಸುತ್ತಾರೆ. ಪೈಪು ತಿರುಗುವುದಿಲ್ಲ, ಬೆಸುಗೆ ಹಾಕುವವನೇ ಅದರ ಸುತ್ತ ತಿರುಗಬೇಕು. ಇದಕ್ಕೆ 6ಜಿ ಎನ್ನುತ್ತಾರೆ. ಆಮೇಲೆ ಬೆಸುಗೆಯ ಎಕ್ಸ್‌ರೇ ತೆಗೆಯುತ್ತಾರೆ. ಮೇಲಿನಿಂದ ನಮ್ಮವರ ಬೆಸುಗೆ ಚಂದ ಇತ್ತು. ಎಕ್ಸ್‌ರೇಯಲ್ಲಿ ಒಳಗೆ ಸಣ್ಣ ಸಣ್ಣ ತೂತು ಕಂಡವು. ಅಲ್ಲಿನ ರಾಡನ್ನು ಒಲೆಯಲ್ಲಿ ಒಣಗಿಸಿ, ಬಿಸಿ ಡಬ್ಬಿಯಲ್ಲೇ ಇಟ್ಟುಕೊಂಡು ಬಳಸಬೇಕು. ಸ್ವಲ್ಪ ತೇವ ಹಿಡಿದರೂ ಬೆಸುಗೆಯೊಳಗೆ ಗಾಳಿಗುಳ್ಳೆ ಉಳಿಯುತ್ತದೆ. ನಮ್ಮ ಅಂಗಡಿಗಳಲ್ಲಿ ರಾಡು ಮೂಲೆಯಲ್ಲಿ ಬಿದ್ದಿರುತ್ತದೆ. ಹೊಲದ ಗೇಟಿಗೆ ಅಷ್ಟು ಸಾಕು, ಕುದಿಯುವ ಎಣ್ಣೆ ಒತ್ತಡದಲ್ಲಿ ಹರಿಯುವ ಪೈಪಿಗೆ ಸಾಲದು. ಅವರನ್ನು ತೆಗೆದುಕೊಳ್ಳದಿದ್ದದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಅಲ್ಲಿ ಒಂದು ತೂತು ಹತ್ತು ಜೀವ ತೆಗೆಯಬಹುದು. ಇಬ್ಬರೂ ಹೆಲ್ಪರ್ ಆದರು. ಹದಿಮೂರು ಜನರೂ ಹೆಲ್ಪರುಗಳೇ. ನನಗೆ ಪರ್ಮಿಟ್ ಬರೆಯುವ ಕೆಲಸ ಸಿಕ್ಕಿತು, ನೆರಳಿನಲ್ಲಿ.

ಲೆಕ್ಕ ಮುಗಿಸುವ ದಿನ ಏಜೆಂಟನ ಪಾಲು, ಊಟ, ರೂಮು, ಬೂಟು ಎಂದು ಕಳೆದು ಕೈಗೆ ಬಂದದ್ದು ಅವನು ಊರಲ್ಲಿ ಹೇಳಿದ್ದರ ಅರ್ಧ. ಮುಂಗಡ ತಗೊಂಡಿದ್ದ ಒಬ್ಬ ಹುಡುಗ ಸಾಲದಲ್ಲೇ ಮನೆಗೆ ಬಂದ. ಅವನ ತಾಯಿ ಚರ್ಚಿನ ಅಂಗಳದಲ್ಲಿ ನನ್ನನ್ನು ತಡೆದು ಒಂದೇ ಮಾತು ಅಂದರು: "ನೀ ಹೇಳಿದಿ ಅಂತ ಕಳಸಿದ್ನೆಪಾ."

ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಇನ್ನೊಂದು ಘಟನೆಯನ್ನೂ ಹೇಳಬೇಕು. ಆ ಗೇಟಿನ ಎದುರಿನ ಚಹಾದಂಗಡಿಯಲ್ಲಿ ಒಬ್ಬ ಮುದುಕರು ದಿನಾ ಕೂತಿರುತ್ತಿದ್ದರು. ಒಂದು ದಿನ ನಮ್ಮನ್ನು ಎಲ್ಲಿಯವರು ಎಂದು ಕೇಳಿದರು. ಹೇಳಿದೆವು. ಕೈ ಎತ್ತಿ ಟ್ಯಾಂಕುಗಳ ಕಡೆ ತೋರಿಸಿ, ಅಲ್ಲಿ ನನ್ನ ಹೊಲ ಇತ್ತು, ನನ್ನ ಮಗನಿಗೆ ಒಳಗೆ ಕೆಲಸ ಇಲ್ಲ, ನೀವು ಇಷ್ಟು ದೂರದಿಂದ ಬಂದಿರಿ ಎಂದರು. ಸಿಟ್ಟಿನಿಂದ ಅಲ್ಲ, ಸುಮ್ಮನೆ ಅಂದರು. ನಾವು ನಮ್ಮನ್ನೇ ಬಡವರು, ಮೋಸ ಹೋದವರು ಅಂದುಕೊಂಡಿದ್ದೆವು. ಅವರ ಕಣ್ಣಿಗೆ ನಾವು ಅವರ ಮಗನ ಕೆಲಸ ತಗೊಂಡವರು.

ಊರಿಗೆ ಬಂದ ಮೇಲೆ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಮಂಗಳೂರಿನ ಎಂಆರ್‌ಪಿಎಲ್ ಕಂಪನಿ 1988ರಲ್ಲಿ ಹುಟ್ಟಿತು. ಸುರತ್ಕಲ್ ಹತ್ತಿರದ ಕುತ್ತೆತ್ತೂರಿನಲ್ಲಿ ಅದರ ರಿಫೈನರಿ 1996ರಲ್ಲಿ ಶುರುವಾಯಿತು. 2003ರಲ್ಲಿ ಒಎನ್‌ಜಿಸಿ ಕೈಗೆ ಬಂತು. ಈಗ ವರ್ಷಕ್ಕೆ ಒಂದೂವರೆ ಕೋಟಿ ಟನ್ ಎಣ್ಣೆ ಶುದ್ಧ ಮಾಡುವ ಸಾಮರ್ಥ್ಯ ಅದಕ್ಕಿದೆ. ದೇಶಕ್ಕೆ ಅದರಿಂದ ಆದ ಲಾಭ ಸಣ್ಣದಲ್ಲ. ಆದರೆ ಭೂಮಿ ಕೊಟ್ಟ ಊರುಗಳ ಮಕ್ಕಳಿಗೆ ಕೆಲಸ ಎಲ್ಲಿ ಎಂಬ ಪ್ರಶ್ನೆ ಅಲ್ಲಿ ಇನ್ನೂ ಮುಗಿದಿಲ್ಲ. 2021ರಲ್ಲೂ ನೇಮಕಾತಿಯಲ್ಲಿ ಸ್ಥಳೀಯರನ್ನು ಬಿಟ್ಟಿದ್ದಾರೆ ಎಂದು ದಕ್ಷಿಣ ಕನ್ನಡದಲ್ಲಿ ಪ್ರತಿಭಟನೆ ನಡೆಯಿತು.

ನಮ್ಮ ಮಹಾರಾಷ್ಟ್ರದ್ದೇ ಇನ್ನೊಂದು ಕಥೆ. ರತ್ನಾಗಿರಿ ಜಿಲ್ಲೆಯಲ್ಲಿ ವರ್ಷಕ್ಕೆ ಆರು ಕೋಟಿ ಟನ್ನಿನ ರಿಫೈನರಿ ಕಟ್ಟುವ ಯೋಜನೆ ಬಂತು. ನಾಣಾರದ ಜನ ಒಪ್ಪಲಿಲ್ಲ, 2019ರಲ್ಲಿ ಅಲ್ಲಿಯ ಭೂಸ್ವಾಧೀನ ರದ್ದಾಯಿತು. 2023ರ ಏಪ್ರಿಲ್‌ನಲ್ಲಿ ಬಾರಸೂ ಎಂಬಲ್ಲಿ ಮಣ್ಣು ಪರೀಕ್ಷೆಗೆ ಬಂದಾಗ ಹೆಂಗಸರು ಬಿಸಿಲಲ್ಲಿ ನೆಲದ ಮೇಲೆ ಮಲಗಿ ತಡೆದರು. ಕೆಲಸ ಕೊಡುತ್ತೇವೆ ಎಂದರೂ ಮಾವು, ಮೀನು ಬಿಟ್ಟು ಆ ಜನ ಯಾಕೆ ಬರಲಿಲ್ಲ ಎಂದು ಮೊದಲು ನನಗೆ ಆಶ್ಚರ್ಯವಾಗಿತ್ತು. ಚಹಾದಂಗಡಿಯ ಅಜ್ಜ ನೆನಪಾದ ಮೇಲೆ ಆಶ್ಚರ್ಯ ಉಳಿಯಲಿಲ್ಲ.

ಇನ್ನು ಆಫ್ರಿಕಾ ನೋಡಿ. ನೈಜೀರಿಯಾದ ಲೆಕ್ಕಿಯಲ್ಲಿ ದಿನಕ್ಕೆ 6,50,000 ಬ್ಯಾರೆಲ್ ಸಾಮರ್ಥ್ಯದ ಡಾಂಗೋಟೆ ರಿಫೈನರಿ 2023ರ ಮೇ ತಿಂಗಳಲ್ಲಿ ಉದ್ಘಾಟನೆ ಆಯಿತು. ಅದನ್ನು ಕಟ್ಟಲು ಭಾರತದಿಂದ ಸಾವಿರಾರು ಕುಶಲ ಕೆಲಸಗಾರರು ಹೋಗಿದ್ದರು. ಹತ್ತಿರದ ಹಳ್ಳಿಗಳ ಯುವಕರು ಅಲ್ಲೂ ಗೇಟಿನ ಹೊರಗೆ ನಿಂತು ನಮಗೇಕೆ ಕೆಲಸ ಇಲ್ಲ ಎಂದು ಕೇಳಿದವರೇ. ಅಲ್ಲಿ ಹೊರಗಿನವರು ನಾವು ಭಾರತೀಯರು.

ಅಂದರೆ ಇದು ಒಬ್ಬ ಏಜೆಂಟನ ಮೋಸ ಮಾತ್ರ ಅಲ್ಲ. ಇಂಥ ಕೆಲಸದ ಸ್ವಭಾವದಲ್ಲೇ ಕಷ್ಟ ಇದೆ. ಕಟ್ಟುವ ಮೂರು ನಾಲ್ಕು ವರ್ಷ ಸಾವಿರಾರು ಕೈ ಬೇಕು. ಕಟ್ಟಿ ಮುಗಿದ ಮೇಲೆ ನಡೆಸಲು ಅದರ ಸಣ್ಣ ಭಾಗ ಸಾಕು, ಅದೂ ಓದಿ ತರಬೇತಾದವರು. ಒಳ್ಳೆಯ ಪೈಪ್ ವೆಲ್ಡರ್ ಆಗಲು ವರ್ಷಗಳೇ ಬೇಕು, ಆದರೆ ಭೂಮಿ ತಗೊಂಡ ದಿನದಿಂದ ಗುತ್ತಿಗೆದಾರನಿಗೆ ಅವಸರ. ಕಲಿಸುತ್ತ ಕೂರುವುದಕ್ಕಿಂತ ಕಲಿತವರನ್ನು ಬೇರೆ ಕಡೆಯಿಂದ ತರುವುದು ಅವನಿಗೆ ಸುಲಭ. ಸ್ಥಳೀಯನಿಗೆ ಮಣ್ಣು ಹೊರುವುದು, ಕಾವಲು, ಕಸ ತೆಗೆಯುವುದು. ಗುತ್ತಿಗೆಯ ಕೆಳಗೆ ಒಳಗುತ್ತಿಗೆ, ಅದರ ಕೆಳಗೆ ಏಜೆಂಟ್. ಕೊನೆಯ ಮೆಟ್ಟಿಲಿನಲ್ಲಿ ಇರುವವನಿಗೆ ತನ್ನ ಧಣಿ ಯಾರು ಎಂಬುದೇ ಗೊತ್ತಾಗುವುದಿಲ್ಲ.

ಸ್ಥಳೀಯರಿಗೆ ಇಷ್ಟು ಪಾಲು ಎಂದು ಕಾನೂನು ಮಾಡಿದರೆ ಸರಿಹೋಗುತ್ತದೆಯೇ? 2024ರ ಜುಲೈಯಲ್ಲಿ ಕರ್ನಾಟಕ ಸರ್ಕಾರ ಖಾಸಗಿ ಉದ್ಯೋಗದಲ್ಲಿ ಆಡಳಿತ ಹುದ್ದೆಗೆ ಶೇ. 50, ಉಳಿದದ್ದಕ್ಕೆ ಶೇ. 70 ಸ್ಥಳೀಯರು ಎಂಬ ಮಸೂದೆಗೆ ಒಪ್ಪಿಗೆ ಕೊಟ್ಟು, ಕೂಡಲೇ ತಡೆಹಿಡಿಯಿತು. ಅದರ ಪ್ರಕಾರ ಸ್ಥಳೀಯ ಅನ್ನಿಸಿಕೊಳ್ಳಲು ಕರ್ನಾಟಕದಲ್ಲಿ ಹುಟ್ಟಿ, ಹದಿನೈದು ವರ್ಷ ವಾಸಿಸಿ, ಕನ್ನಡ ಬಲ್ಲವರಾಗಿರಬೇಕು. ಜತ್ತ ತಾಲೂಕಿನ ನಾವು ಮನೆಯಲ್ಲೂ ಚರ್ಚಿನಲ್ಲೂ ಕನ್ನಡ ಆಡಿದರೂ ಆ ಲೆಕ್ಕಕ್ಕೆ ಬರುವುದಿಲ್ಲ. ಇತ್ತ ಮುಂಬೈ ಪುಣೆಗೆ ಹೋದರೆ ನಮ್ಮ ಮರಾಠಿ ಕೇಳಿ, ನೀವು ಕರ್ನಾಟಕದವರಾ ಎನ್ನುತ್ತಾರೆ. ಗಡಿಯವರಿಗೆ ಎಲ್ಲ ಗೇಟೂ ಹೊರಗಿನ ಗೇಟೇ. ಚಹಾದಂಗಡಿಯ ಅಜ್ಜನಿಗೆ ನ್ಯಾಯ ಕೊಡುವ ಕಾನೂನು ಬೇಕು ಎಂದು ನನಗೂ ಅನ್ನಿಸುತ್ತದೆ. ಅದೇ ಕಾನೂನು ನಮ್ಮ ಹದಿಮೂರು ಜನರನ್ನು ಹೊರಗಿಡುತ್ತದೆ ಎಂಬುದೂ ನನಗೆ ಗೊತ್ತು. ಎರಡನ್ನೂ ಒಟ್ಟಿಗೆ ಹಿಡಿದುಕೊಂಡೇ ಯೋಚಿಸಬೇಕಾಗಿದೆ.

ಪವಿತ್ರ ಗ್ರಂಥದಲ್ಲಿ ಎರಡು ಕಟ್ಟಡಗಳ ಕಥೆ ಇದೆ. ಒಂದು ಸೊಲೊಮೋನನ ದೇವಾಲಯ. ಅದಕ್ಕೆ ಮೂವತ್ತು ಸಾವಿರ ಇಸ್ರಯೇಲರನ್ನು ಬಿಟ್ಟಿ ಕೆಲಸಕ್ಕೆ ಹಿಡಿದರು. ಒಂದು ತಿಂಗಳು ಲೆಬನೋನಿನಲ್ಲಿ, ಎರಡು ತಿಂಗಳು ಮನೆಯಲ್ಲಿ. ಎಪ್ಪತ್ತು ಸಾವಿರ ಜನ ಹೊರೆ ಹೊತ್ತರು, ಎಂಬತ್ತು ಸಾವಿರ ಜನ ಕಲ್ಲು ಕಡಿದರು. ಕಂಚಿನ ಕುಶಲ ಕೆಲಸಕ್ಕೆ ಮಾತ್ರ ಟೈರ್ ಪಟ್ಟಣದಿಂದ ಹೀರಾಮನನ್ನು ಕರೆಸಿದರು. ದೇವಾಲಯ ವೈಭವದಿಂದ ಎದ್ದಿತು. ಆದರೆ ಸೊಲೊಮೋನ ಸತ್ತ ಮೇಲೆ ಜನ ಅವನ ಮಗ ರೆಹಬ್ಬಾಮನ ಬಳಿ ಬಂದು ನೊಗ ಹಗುರ ಮಾಡು ಎಂದು ಬೇಡಿದರು. ಅವನು ಕೇಳಲಿಲ್ಲ, ರಾಜ್ಯವೇ ಎರಡಾಯಿತು. ಹೊರೆ ಹೊತ್ತವರ ನೋವು ಕಟ್ಟಡ ಮುಗಿದ ಮೇಲೂ ಉಳಿದಿತ್ತು.

ಇನ್ನೊಂದು, ಮರುಭೂಮಿಯಲ್ಲಿ ಮೋಶೆಯ ಕಾಲದ ದೇವದರ್ಶನದ ಗುಡಾರ. ಅದನ್ನು ಮಾಡಿದವರು ಬೆಚಲೇಲ ಮತ್ತು ಒಹೊಲೀಯಾಬ, ಆ ಜನರೊಳಗಿನವರೇ. ವಿಮೋಚನಕಾಂಡ ಮೂವತ್ತೈದನೇ ಅಧ್ಯಾಯ ಓದಿ ನೋಡಿ. ದೇವರು ಅವರಿಗೆ ಕೈಕೆಲಸದ ಜಾಣ್ಮೆ ಕೊಟ್ಟರು, ಅದರ ಜೊತೆಗೆ ಬೇರೆಯವರಿಗೆ ಕಲಿಸುವ ವರವನ್ನೂ ಕೊಟ್ಟರು ಎಂದು ಅಲ್ಲಿದೆ. ಇದನ್ನು ನಾನು ಎಷ್ಟೋ ಸಲ ಓದಿದ್ದೆ, ಕಲಿಸುವ ವರ ಎಂಬುದು ಕಣ್ಣಿಗೆ ಬಿದ್ದಿರಲಿಲ್ಲ.

ಅದು ಕಣ್ಣಿಗೆ ಬೀಳಲು ಕಾರಣ ಆ ತಾಯಿಯೇ. ನನಗೆ ಸಿಕ್ಕ ಪಗಾರದಲ್ಲಿ ಅರ್ಧ ತೆಗೆದುಕೊಂಡು ಅವರ ಮನೆಗೆ ಹೋಗಿದ್ದೆ. ಕ್ಷಮಿಸು ಕಾಕೂ, ಸಾಲಕ್ಕೆ ಇದು ಇರಲಿ ಎಂದೆ. ಅವರು ಮುಟ್ಟಲಿಲ್ಲ. "ರೊಕ್ಕಾ ಬ್ಯಾಡೊ ತಮ್ಮಾ. ಸಾಲ ಹೆಂಗರೆ ತೀರತೈತಿ. ಅವಗ ಕೆಲಸಾ ಕಲಸು. ಮುಂದಿನ ಸಲ ಹೊರೀ ಹೊರಾಕ ಹೋಗಬಾರದು" ಅಂದರು.

ಆ ಹಣವನ್ನು ಬೇರೆ ಇಟ್ಟೆ. ಅದೇ ಹುಡುಗನ ಐಟಿಐ ವೆಲ್ಡರ್ ಕೋರ್ಸಿನ ಖರ್ಚಿಗೆ ಅದು ಹೋಯಿತು. ಒಂದು ವರ್ಷದ ಕೋರ್ಸು ಅದು. ಪರೀಕ್ಷೆಯಲ್ಲಿ ಬಿದ್ದ ಇಬ್ಬರಲ್ಲಿ ಒಬ್ಬರು ಈಗ ತಮ್ಮ ಅಂಗಡಿಯಲ್ಲಿ ಹಳೆಯ ಪೈಪಿನ ತುಂಡನ್ನು ಓರೆಯಾಗಿ ಬಿಗಿದು ಸಂಜೆ ಹೊತ್ತು ಅಭ್ಯಾಸ ಮಾಡುತ್ತಾರೆ. ರಾಡು ಒಣಗಿಸಲು ಸಣ್ಣ ಒಲೆ ಮಾಡಿಕೊಂಡಿದ್ದಾರೆ. ನಮ್ಮ ಗುಂಪಿನ ಮೂವರು ಅಲ್ಲಿ ಕಲಿಯುತ್ತಿದ್ದಾರೆ.

ಯುವಕರ ಗುಂಪಿನಲ್ಲಿ ಕೆಲವು ನಿಯಮ ಮಾಡಿಕೊಂಡಿದ್ದೇವೆ. ಯಾವ ಏಜೆಂಟ್ ಬಂದರೂ ಪಗಾರ, ಕಡಿತ, ಕಾಯುವ ದಿನದ ಭತ್ಯೆ, ಮುಖ್ಯ ಗುತ್ತಿಗೆದಾರನ ಹೆಸರು ಎಲ್ಲವೂ ಕಾಗದದ ಮೇಲೆ ಬರೆದುಕೊಡಬೇಕು. ಕೊಡದಿದ್ದರೆ ಯಾರೂ ಹೋಗುವುದಿಲ್ಲ. ಹೋಗುವವರ ಹೆಸರು, ಜಾಗ, ಫೋನ್ ನಂಬರ್ ಚರ್ಚಿನ ವಹಿಯಲ್ಲಿ ಇರುತ್ತದೆ. ಹೋಗುವ ಮೊದಲು ಸುರಕ್ಷತೆಯ ಮಾತುಗಳನ್ನು ಕನ್ನಡದಲ್ಲಿ ಹೇಳಿಕೊಡುವುದು ನನ್ನ ಕೆಲಸ. ಮತ್ತು ಹೋದ ಊರಿನಲ್ಲಿ ಭೂಮಿ ಕಳಕೊಂಡವರನ್ನು ಕಂಡರೆ, ಮೊದಲು ಅವರ ಮಾತು ಕೇಳಬೇಕು.

ತಾಸಗಾಂವ ಕಡೆಯ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುವ ನಮ್ಮ ಅಕ್ಕಂದಿರಿಗೆ ಯೇಸುಸ್ವಾಮಿ ಹೇಳಿದ ದ್ರಾಕ್ಷಿತೋಟದ ಸಾಮತಿಯನ್ನು ಬಿಡಿಸಿ ಹೇಳಬೇಕಿಲ್ಲ. ಸಂಜೆ ಐದರ ತನಕ ಸಂತೆಯಲ್ಲಿ ನಿಂತವರು ಸೋಮಾರಿಗಳಲ್ಲ, ಅವರನ್ನು ಯಾರೂ ಕರೆದಿರಲಿಲ್ಲ ಅಷ್ಟೇ. ಆ ಯಜಮಾನ ಆಳನ್ನು ಕಳಿಸದೆ ತಾನೇ ಐದು ಸಲ ಹೊರಗೆ ಬಂದು ಅವರನ್ನು ನೋಡಿದ. ಗೇಟಿನ ಹೊರಗೆ ಯಾರು ನಿಂತಿದ್ದಾರೆ ಎಂದು ನಾವೂ ಹೊರಗೆ ಹೋಗಿ ನೋಡೋಣ.

ಆ ಹುಡುಗನ ಐಟಿಐ ಪರೀಕ್ಷೆ ಹತ್ತಿರ ಬಂದಿದೆ. ಈ ಭಾನುವಾರದ ಪೂಜೆಯಲ್ಲಿ ಅವನಿಗಾಗಿ ಪ್ರಾರ್ಥಿಸಿ. ಆ ಅಜ್ಜನ ಮಗನಿಗಾಗಿಯೂ ಪ್ರಾರ್ಥಿಸಿ.